ಸ್ನೇಹಕೂಟವೂ ವಿಶ್ವಾಸವೆಂಬ ಬಂಡವಾಳವೂ

ಪರೋಪಕಾರಕ್ಕೆಂದೇ ಸ್ಥಾಪಿತವಾದ ಸಂಸ್ಥೆಯೊಂದು ತನ್ನ ಸದಸ್ಯರ ಸ್ನೇಹಕೂಟ, ಸಹಭೋಜನ, ಕುಟುಂಬ ಸಮ್ಮಿಲನಗಳಿಗೆ ಕಾಲವನ್ನೂ ಹಣವನ್ನೂ ವ್ಯಯಿಸುವುದು ಯೋಗ್ಯವೇ? ರೋಟರಿ, ಲಯನ್ಸ್ ಮುಂತಾದ ಅಂತರರಾಷ್ಟ್ರೀಯ ಸೇವಾ ಸಂಸ್ಥೆಗಳ ವಿಷಯದಲ್ಲಿ ಈ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಒಂದು ಕೂಟದ ಊಟಕ್ಕೆ ತಗಲುವ ಖರ್ಚಿನಲ್ಲಿ ಎಷ್ಟು ಬಡ ವಿದ್ಯಾರ್ಥಿಗಳಿಗೆ ಪುಸ್ತಕ ಕೊಡಿಸಬಹುದಿತ್ತು, ಎಷ್ಟು ವೃದ್ಧರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಬಹುದಿತ್ತು ಎಂದು ಲೆಕ್ಕ ಹಾಕುವವರಿದ್ದಾರೆ. ಅವರ ಆಕ್ಷೇಪ ಹಗುರವಾದುದಲ್ಲ. ದಾನದ ದ್ರವ್ಯವನ್ನು ಭೋಗಕ್ಕೆ ಬಳಸಬಾರದೆಂಬುದು ಶ್ರಾವಕರ ಮನೆಯ ಮಕ್ಕಳಿಗೂ ತಿಳಿದ ಮಾತು. ಹೀಗಿದ್ದರೂ ಪ್ರಶ್ನೆಗೆ ಇನ್ನೊಂದು ಮುಖವುಂಟು. ಹಲವರು ಕೂಡಿ ಮಾಡುವ ಸೇವೆಗೆ ಹಣಕ್ಕಿಂತ ಮೊದಲು ಬೇಕಾದುದು ಪರಸ್ಪರ ವಿಶ್ವಾಸ. ಆ ವಿಶ್ವಾಸ ಹುಟ್ಟುವುದು ಎಲ್ಲಿ, ಹೇಗೆ ಎಂಬುದನ್ನು ಅರಿಯದೆ ಕೂಟಗಳ ಯೋಗ್ಯಾಯೋಗ್ಯತೆಯನ್ನು ನಿರ್ಣಯಿಸುವುದು ಆತುರವಾದೀತು.

ಈ ವಿಚಾರಕ್ಕೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತವೆ. ಮೂರೂ ಊರುಗಳು ಒಂದೇ ಹೆದ್ದಾರಿಯ ಮೇಲೆ ಸಾಲಾಗಿವೆ. ಆದರೆ ಒಂದರ ಜೀವನಕ್ರಮ ಇನ್ನೊಂದರಂತಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರಿನ ಎರೆಭೂಮಿ ಭತ್ತದ ಗದ್ದೆಯಾಯಿತು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ಕುಟುಂಬಗಳಿಗೆ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ದೊರೆಯಿತು. ರಾಜಸ್ಥಾನ ಮೂಲದ ವ್ಯಾಪಾರಿಗಳು ಅಂಗಡಿ ತೆರೆದರು. ಲಿಂಗಸುಗೂರು ನಿಜಾಮರ ಕಾಲದಲ್ಲಿ ಸೇನೆಯ ಠಾಣ್ಯವಾಗಿದ್ದ ಊರು. ಅದರ ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯೂ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಆಚರಿಸುವ ಮೊಹರಮ್ಮಿಗೆ ಹೆಸರಾದ ಮುದಗಲ್ಲೂ ಇವೆ. ಇವೆರಡರ ನಡುವಣ ಮಸ್ಕಿ ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು, ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕು ಕೇಂದ್ರವಾಗಿದೆ.

ಇಂತಹ ಊರುಗಳಲ್ಲಿ ವ್ಯವಹಾರವೆಲ್ಲ ನಂಬಿಕೆಯ ಮೇಲೆ ನಡೆಯುತ್ತದೆ. ಬಿತ್ತನೆಯ ಕಾಲಕ್ಕೆ ಬೀಜ, ಗೊಬ್ಬರ ಉದ್ರಿಯಾಗಿ ಹೋಗುತ್ತವೆ. ಸುಗ್ಗಿಯಾದ ಮೇಲೆ ಬಾಕಿ ತೀರುತ್ತದೆ. ದಲಾಲಿ ಅಂಗಡಿಗೆ ಭತ್ತ ಹಾಕಿದ ರೈತ ಹಣಕ್ಕಾಗಿ ವಾರಗಟ್ಟಲೆ ಕಾಯುತ್ತಾನೆ. ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪದೆ ಹೋದ ವರ್ಷ ಇಡೀ ಸರಪಳಿ ತತ್ತರಿಸುತ್ತದೆ. ತಲತಲಾಂತರದಿಂದ ಜೊತೆಯಲ್ಲಿ ಬಾಳಿದ ಹಳ್ಳಿಯಲ್ಲಾದರೆ ಅಜ್ಜನ ಹೆಸರು ಮೊಮ್ಮಗನಿಗೆ ಜಾಮೀನಾಗುತ್ತದೆ. ಎಲ್ಲರೂ ಬೇರೆ ಬೇರೆ ಕಡೆಗಳಿಂದ ಬಂದು ಸೇರಿದ ಪೇಟೆಯಲ್ಲಿ ಅಜ್ಜನ ಹೆಸರನ್ನು ಬಲ್ಲವರು ಯಾರು? ಇಲ್ಲಿ ವಿಶ್ವಾಸವನ್ನು ಈ ತಲೆಮಾರಿನವರೇ, ತಮ್ಮ ಕಾಲದಲ್ಲೇ ಗಳಿಸಬೇಕು.

ರೋಟರಿ ಹುಟ್ಟಿದ್ದೂ ಇಂತಹ ಕೊರತೆಯಿಂದಲೇ. ಅಮೆರಿಕದ ವರ್ಮಾಂಟ್ ಪ್ರಾಂತದ ಸಣ್ಣ ಊರಿನಲ್ಲಿ ಬೆಳೆದ ಪಾಲ್ ಹ್ಯಾರಿಸ್ ವಕೀಲಿ ವೃತ್ತಿಗಾಗಿ ಚಿಕಾಗೋ ನಗರಕ್ಕೆ ಬಂದರು. ಲಕ್ಷಾಂತರ ಜನರ ನಡುವೆ ಅವರಿಗೆ ತಮ್ಮ ಊರಿನ ನೆರೆಹೊರೆಯ ಆತ್ಮೀಯತೆ ದೊರೆಯಲಿಲ್ಲ. 1905ರ ಫೆಬ್ರವರಿ 23ರಂದು ಅವರು ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗಸ್ಟಾವಸ್ ಲೋರ್, ದರ್ಜಿ ಹೈರಮ್ ಶೋರಿ ಇವರೊಡನೆ ಲೋರ್ ಅವರ ಕಚೇರಿಯಲ್ಲಿ ಸಭೆ ಸೇರಿದರು. ಸಭೆಯನ್ನು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ನಡೆಸುವ ಪದ್ಧತಿಯಿಂದಲೇ 'ರೋಟರಿ' ಎಂಬ ಹೆಸರು ಬಂದಿತು. ಒಬ್ಬನ ವೃತ್ತಿಯ ಸ್ಥಳಕ್ಕೆ ಹೋಗಿ ಕುಳಿತಾಗ ಅವನು ಕೆಲಸದವರೊಡನೆ ಹೇಗೆ ನಡೆದುಕೊಳ್ಳುತ್ತಾನೆ, ಮೇಜಿನ ಮೇಲಿನ ಕಾಗದಗಳನ್ನು ಹೇಗೆ ಇಟ್ಟುಕೊಳ್ಳುತ್ತಾನೆ ಎಂಬುದೆಲ್ಲ ಕೇಳದೆಯೇ ತಿಳಿಯುತ್ತದೆ. ಮುಂದೆ ಈ ಸಂಸ್ಥೆ ಭಾರತದಲ್ಲಿ ಮೊದಲು ಕಲ್ಕತ್ತೆಗೆ 1919–20ರಲ್ಲಿ, ಬೆಂಗಳೂರಿಗೆ 1934ರಲ್ಲಿ ಬಂದು, ಕ್ರಮೇಣ ತಾಲ್ಲೂಕು ಊರುಗಳಿಗೂ ಹಬ್ಬಿತು.

ಆದರೆ ಆರಂಭದ ಸ್ನೇಹ ಪೂರ್ಣವಾಗಿ ನಿಸ್ವಾರ್ಥವಾಗಿತ್ತೆಂದು ಹೇಳಲಾಗದು. ಸದಸ್ಯರು ಒಬ್ಬರಿಗೊಬ್ಬರು ವ್ಯಾಪಾರ ಕೊಡಬೇಕೆಂಬುದು ಅಂದಿನ ಉದ್ದೇಶಗಳಲ್ಲೊಂದು. ಯಾರು ಯಾರಿಗೆ ಎಷ್ಟು ವ್ಯಾಪಾರ ಕೊಟ್ಟರೆಂಬ ಲೆಕ್ಕ ಇಡಲು ಒಬ್ಬ ಪದಾಧಿಕಾರಿಯೇ ಇದ್ದನು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ವಕೀಲರನ್ನು ಸದಸ್ಯರಾಗಲು ಕರೆದಾಗ ಅವರು ಒಪ್ಪಲಿಲ್ಲ. ಸದಸ್ಯರಿಗೆ ಮಾತ್ರ ಲಾಭ ಮಾಡಿಕೊಳ್ಳುವ ಸಂಸ್ಥೆಗೆ ಭವಿಷ್ಯವಿಲ್ಲ, ಹೊರಗಿನ ಸಮಾಜಕ್ಕೂ ಅದರಿಂದ ಏನಾದರೂ ಹಿತವಾಗಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಹ್ಯಾರಿಸ್ ಇದನ್ನು ಮನ್ನಿಸಿದರು, ಉದ್ದೇಶಗಳು ತಿದ್ದುಪಡಿಯಾದವು, ಕಾರ್ಟರ್ ಸದಸ್ಯರಾದರು. 1907ರಲ್ಲಿ ಚಿಕಾಗೋ ನಗರದ ಸಾರ್ವಜನಿಕ ಶೌಚಾಲಯಕ್ಕಾಗಿ ಆರಂಭಿಸಿದ ಪ್ರಯತ್ನವೇ ರೋಟರಿಯ ಮೊದಲ ಸೇವಾಕಾರ್ಯವೆನಿಸಿತು. ಸ್ನೇಹ ಮೊದಲು ಬಂದಿತು, ಸೇವೆ ನಂತರ ಬಂದಿತು ಎಂಬ ಈ ಅನುಕ್ರಮ ಚಿಂತನೀಯವಾದುದು. ಪರಸ್ಪರ ಪರಿಚಯವನ್ನು ಸೇವೆಗೆ ಅವಕಾಶವಾಗಿ ಬೆಳೆಸುವುದು ಎಂಬುದನ್ನು ಆ ಸಂಸ್ಥೆ ಇಂದಿಗೂ ತನ್ನ ಧ್ಯೇಯಗಳಲ್ಲಿ ಮೊದಲನೆಯದಾಗಿ ಇಟ್ಟುಕೊಂಡಿದೆ.

ಹಾಗಾದರೆ ಕೂಟದಿಂದ ವಿಶ್ವಾಸ ಹುಟ್ಟುವ ಬಗೆ ಯಾವುದು? ನಗೆಮಾತು, ಹಾಡು, ಭಕ್ಷ್ಯಗಳಿಂದಲ್ಲ. ಅವುಗಳಿಂದ ಹುಟ್ಟುವುದು ಉಲ್ಲಾಸ. ಅದು ಮರುದಿನಕ್ಕೆ ಉಳಿಯುವುದಿಲ್ಲ. ಕೂಟದ ನಿಜವಾದ ಗುಣವೆಂದರೆ ಅಲ್ಲಿ ಕೊಡುಕೊಳ್ಳುವ ವಿಷಯವಿಲ್ಲ. ಅಂಗಡಿಯಲ್ಲಿ ಎದುರು ಕುಳಿತವರಿಬ್ಬರೂ ಎಚ್ಚರದಲ್ಲಿರುತ್ತಾರೆ. ಪ್ರತಿಯೊಂದು ಮಾತಿಗೂ ಬೆಲೆಯುಂಟು. ಕೂಟದಲ್ಲಿ ಮನುಷ್ಯ ಆ ಎಚ್ಚರವನ್ನು ಕೆಳಗಿಟ್ಟಿರುತ್ತಾನೆ. ಬಡಿಸುವ ಹುಡುಗನ ಕೈತಪ್ಪಿ ಸಾರು ಚೆಲ್ಲಿದಾಗ ಯಾರು ಗದರುತ್ತಾರೆ, ಯಾರು ಸಮಾಧಾನ ಹೇಳುತ್ತಾರೆ? ಆಟದಲ್ಲಿ ಸೋತಾಗ ಯಾರ ಮುಖ ಬಾಡುತ್ತದೆ? ಪಾಲಿಗೆ ಬಂದ ಚಂದಾವನ್ನು ಯಾರು ಕೇಳುವ ಮೊದಲೇ ಕೊಡುತ್ತಾರೆ? ಕುರ್ಚಿ ತರಿಸುವುದಾಗಿ ಹೇಳಿದವರು ಸಮಯಕ್ಕೆ ತರಿಸಿದರೇ? ಇವೆಲ್ಲ ಚಿಕ್ಕ ಸಂಗತಿಗಳು. ಆದರೆ ಲಾಭನಷ್ಟದ ಭಯವಿಲ್ಲದ ಕಡೆ ವ್ಯಕ್ತವಾಗುವ ನಡತೆಯೇ ಮನುಷ್ಯನ ಸ್ವಭಾವಕ್ಕೆ ಹೆಚ್ಚು ಹತ್ತಿರವಾದುದು. ಇಂತಹ ಐವತ್ತು ಚಿಕ್ಕ ಸಂಗತಿಗಳನ್ನು ಕಂಡ ಮೇಲೆ ಒಂದು ದೊಡ್ಡ ಹೊಣೆಯನ್ನು ಒಪ್ಪಿಸಲು ಮನಸ್ಸು ಧೈರ್ಯ ತಾಳುತ್ತದೆ.

ಇದಕ್ಕಾಗಿಯೇ ರೋಟರಿಯಲ್ಲಿ ಹಾಜರಾತಿಗೆ ಬಹಳ ಮಹತ್ವವಿತ್ತು. ವಾರಕ್ಕೊಮ್ಮೆ ಸಭೆ, ಸತತವಾಗಿ ತಪ್ಪಿಸಿಕೊಂಡವರ ಸದಸ್ಯತ್ವವೇ ಹೋಗುವ ನಿಯಮ. ಪರಊರಿಗೆ ಹೋದ ಸದಸ್ಯನು ಅಲ್ಲಿಯ ಶಾಖೆಯ ಸಭೆಯಲ್ಲಿ ಭಾಗವಹಿಸಿ ತನ್ನ ಗೈರುಹಾಜರಿಯನ್ನು ತುಂಬಿಕೊಳ್ಳಬಹುದಾಗಿತ್ತು. 2016ರಲ್ಲಿ ಈ ನಿಯಮಗಳನ್ನು ಸಾಕಷ್ಟು ಸಡಿಲಿಸಿ, ಸಭೆಗಳ ಕ್ರಮವನ್ನು ನಿರ್ಧರಿಸುವ ಸ್ವಾತಂತ್ರ್ಯವನ್ನು ಶಾಖೆಗಳಿಗೇ ಕೊಡಲಾಯಿತು. ಬದಲಾದ ಕಾಲಕ್ಕೆ ಇದು ಅನಿವಾರ್ಯವೆನ್ನಬಹುದು. ಆದರೂ ಹಳೆಯ ನಿಯಮದ ಹಿಂದಿದ್ದ ತಿಳಿವನ್ನು ಮರೆಯಬಾರದು. ವರ್ಷಕ್ಕೊಮ್ಮೆ ನಡೆಯುವ ವೈಭವದ ಸಮಾರಂಭಕ್ಕಿಂತ ತಪ್ಪದೆ ನಡೆಯುವ ಸಾಧಾರಣ ಕೂಟವೇ ವಿಶ್ವಾಸಕ್ಕೆ ಹೆಚ್ಚು ಪೋಷಕವಾದುದು. ಬರುತ್ತೇನೆಂದವನು ಬಂದ ಎಂಬುದೇ ವಿಶ್ವಾಸದ ಮೊದಲ ಕಂತು.

ವಿಶ್ವಾಸದ ನಿಜವಾದ ಪರೀಕ್ಷೆ ಬರೆಹದಲ್ಲಿ ಇಲ್ಲದ ವಿಷಯಗಳಲ್ಲಿ ನಡೆಯುತ್ತದೆ ಎಂಬುದನ್ನು ನಮ್ಮ ಆಚಾರ್ಯರು ಬಲ್ಲವರಾಗಿದ್ದರು. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಒಬ್ಬನು ನೂರು ವರಹಗಳನ್ನು ಇರಿಸಿಹೋಗಿ, ಕಾಲಾಂತರದಲ್ಲಿ ಮರೆತು, ಎಂಬತ್ತನ್ನೇ ಕೇಳಿದನೆಂದು ಇಟ್ಟುಕೊಳ್ಳೋಣ. 'ಆಗಲಿ, ಅಷ್ಟನ್ನೇ ತೆಗೆದುಕೋ' ಎಂದು ಇಟ್ಟುಕೊಂಡವನು ಕೊಟ್ಟರೆ ಮೇಲ್ನೋಟಕ್ಕೆ ಅವನು ಸುಳ್ಳು ಹೇಳಲಿಲ್ಲ, ಕೇಳಿದ್ದನ್ನು ಕೊಟ್ಟಿದ್ದಾನೆ. ಆದರೂ ವ್ರತಕ್ಕೆ ದೋಷ ತಗಲಿತು. ಇನ್ನೊಬ್ಬನ ಮರೆವಿನಿಂದ ಲಾಭ ಪಡೆಯದಿರುವುದೇ ವಿಶ್ವಾಸದ ತಿರುಳು. ಯಾವ ಕರಾರುಪತ್ರವೂ ಇದನ್ನು ಪೂರ್ತಿಯಾಗಿ ಕಾಯಲಾರದು. ಇಂತಹ ನಡತೆಯುಳ್ಳವನು ಯಾರೆಂಬುದು ಹಲವು ಕಾಲದ ಒಡನಾಟದಿಂದ ಮಾತ್ರ ತಿಳಿಯುವ ಸಂಗತಿ.

ಇಲ್ಲಿ ಲೆಕ್ಕಶಾಸ್ತ್ರದ ಒಂದು ನಿಯಮವನ್ನು ನೆನೆಯುವುದು ಉಚಿತ. ವ್ಯಾಪಾರಕ್ಕೆ ಇರುವ ಒಳ್ಳೆಯ ಹೆಸರನ್ನು ಗುಡ್‌ವಿಲ್ ಎನ್ನುತ್ತಾರೆ. ಮತ್ತೊಬ್ಬರಿಂದ ಹಣ ಕೊಟ್ಟು ಕೊಂಡ ಗುಡ್‌ವಿಲ್ ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣುತ್ತದೆ. ತಾನಾಗಿ ಬೆಳೆಸಿಕೊಂಡದ್ದು ಕಾಣುವುದಿಲ್ಲ. ಐವತ್ತು ವರ್ಷ ನ್ಯಾಯದಿಂದ ತೂಗಿದ ಅಂಗಡಿಯ ಲೆಕ್ಕಪುಸ್ತಕದಲ್ಲಿ ಆ ನ್ಯಾಯಕ್ಕೆ ಒಂದು ರೂಪಾಯಿಯೂ ಬರೆದಿರುವುದಿಲ್ಲ. ಸ್ನೇಹಕೂಟಗಳ ಗತಿಯೂ ಇದೇ. ಚಹಾ, ಊಟ, ಶಾಮಿಯಾನದ ಖರ್ಚು ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಅದರಿಂದ ಬೆಳೆದ ವಿಶ್ವಾಸಕ್ಕೆ ಜಮೆಯ ಕಡೆ ಜಾಗವಿಲ್ಲ. ಖರ್ಚನ್ನು ಮಾತ್ರ ನೋಡಿ ನಿರ್ಣಯಿಸುವವರು ಲೆಕ್ಕದ ಅರ್ಧವನ್ನೇ ಓದುತ್ತಾರೆ.

ಉಳಿದ ಅರ್ಧ ಕಾಣಿಸುವುದು ಆಪತ್ತಿನ ವೇಳೆಯಲ್ಲಿ. ಲಿಂಗಸುಗೂರಿನ ಆಸ್ಪತ್ರೆಯಲ್ಲಿರುವ ಗರ್ಭಿಣಿಯೊಬ್ಬಳಿಗೆ ನಡುರಾತ್ರಿ ಅಪರೂಪದ ಗುಂಪಿನ ರಕ್ತ ಬೇಕಾಯಿತೆಂದು ಭಾವಿಸೋಣ. ಸಿಂಧನೂರಿನಲ್ಲಿರುವ ದಾನಿಯನ್ನು ಎಬ್ಬಿಸಬೇಕು, ಮಸ್ಕಿಯ ಮೇಲೆ ವಾಹನದಲ್ಲಿ ಕರೆತರಬೇಕು. ಕರೆ ಮಾಡಿದವನು ಯಾರು, ಅವನ ಮಾತು ನಿಜವೇ, ವಾಹನದ ಬಾಡಿಗೆ ಯಾರು ಕೊಡುತ್ತಾರೆ ಎಂದು ವಿಚಾರಿಸುತ್ತ ಕುಳಿತರೆ ಹೊತ್ತು ಮೀರುತ್ತದೆ. ಮೂರು ಊರುಗಳ ಸದಸ್ಯರು ಹಿಂದೆ ನಾಲ್ಕು ಬಾರಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರೆ ಆ ಪ್ರಶ್ನೆಗಳು ಏಳುವುದೇ ಇಲ್ಲ. ಧ್ವನಿ ಕೇಳಿದೊಡನೆ ಮನುಷ್ಯನ ಗುರುತು ಹತ್ತುತ್ತದೆ. ಕೂಟದ ಖರ್ಚು ಸಾರ್ಥಕವಾಗುವುದು ಇಂತಹ ರಾತ್ರಿಯಲ್ಲಿ.

ದೇಶದ ಮಟ್ಟದಲ್ಲಿಯೂ ಇದಕ್ಕೆ ನಿದರ್ಶನವಿದೆ. ಪೋಲಿಯೋ ನಿರ್ಮೂಲನಕ್ಕಾಗಿ ರೋಟರಿ 1985ರಲ್ಲಿ ವಿಶ್ವವ್ಯಾಪಿ ಕಾರ್ಯಕ್ರಮವನ್ನು ಕೈಗೊಂಡಿತು. ಭಾರತ ಸರ್ಕಾರದ ಪಲ್ಸ್ ಪೋಲಿಯೋ ಅಭಿಯಾನ 1995ರಲ್ಲಿ ಆರಂಭವಾಯಿತು. ಲಸಿಕೆಯ ಕೊರತೆಗಿಂತಲೂ ವಿಶ್ವಾಸದ ಕೊರತೆ ಕೆಲವೆಡೆ ದೊಡ್ಡ ಅಡ್ಡಿಯಾಯಿತು. ಉತ್ತರ ಪ್ರದೇಶದ ಕೆಲವು ಭಾಗಗಳಲ್ಲಿ ತಾಯಂದಿರು ಮಕ್ಕಳಿಗೆ ಹನಿ ಹಾಕಿಸಲು ಹೆದರಿದರು. ಆಗ ಸ್ಥಳೀಯರು ಗೌರವಿಸುವ ಮುಸಲ್ಮಾನ ಧರ್ಮಗುರುಗಳ ಸಮಿತಿಯನ್ನು ಜೊತೆಗೂಡಿಸಿಕೊಂಡು, ಅವರ ಮೂಲಕ ಮನೆಮನೆಯ ಬಾಗಿಲು ತೆರೆಯಿಸಬೇಕಾಯಿತು. ದೇಶದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಂಡುಬಂದಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಪ್ರಮಾಣೀಕೃತವಾಯಿತು. ಸರ್ಕಾರ, ಆರೋಗ್ಯ ಕಾರ್ಯಕರ್ತೆಯರು, ಹಲವು ಸಂಸ್ಥೆಗಳು ಕೂಡಿ ಪಡೆದ ಫಲವಿದು. ಒಳಗಿನ ವಿಶ್ವಾಸ ಹೊಸ್ತಿಲು ದಾಟಿ ಅಪರಿಚಿತರ ಮನೆಯವರೆಗೆ ಹೋದಾಗ ಏನಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಹೊಸ್ತಿಲು ದಾಟದ ವಿಶ್ವಾಸದಿಂದ ಅಪಾಯವೂ ಉಂಟು. ಒಟ್ಟಿಗೆ ಉಣ್ಣುವವರು ಒಟ್ಟಿಗೆ ಮೌನವನ್ನೂ ವಹಿಸಬಲ್ಲರು. ಗೆಳೆಯನ ತಪ್ಪು ತಿಳಿದಿದ್ದರೂ ಬಾಯಿ ಬಿಡದಿರುವುದು, ಹೊರಗಿನವನಿಗೆ ಸಲ್ಲಬೇಕಾದ ಅವಕಾಶವನ್ನು ಒಳಗಿನವನಿಗೆ ಕೊಡುವುದು, ಇವೂ ಸ್ನೇಹದ ಹೆಸರಿನಲ್ಲಿಯೇ ನಡೆಯುತ್ತವೆ. ಸಹೋದರತ್ವವನ್ನು ಸಾರಿದ ರೋಟರಿಯೇ 1989ರವರೆಗೆ ಸ್ತ್ರೀಯರಿಗೆ ಸದಸ್ಯತ್ವವನ್ನು ನಿರಾಕರಿಸಿತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತೀರ್ಪು ಕೊಟ್ಟ ಮೇಲೆಯೇ ಆ ಬಾಗಿಲು ತೆರೆಯಿತು. ಒಳಗಿರುವವರಿಗೆ ಕೋಟೆಯ ಗೋಡೆ ಕಾಣುವುದಿಲ್ಲ. ಹೊರಗೆ ನಿಂತವರಿಗೆ ಗೋಡೆಯ ಹೊರತು ಬೇರೇನೂ ಕಾಣುವುದಿಲ್ಲ.

ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತೀಕರಣಗಳು ಒಂದರ ಪಕ್ಕದಲ್ಲೊಂದು ಬರುವುದು ಇಲ್ಲಿ ಮನನೀಯ. ಸಹಧರ್ಮಿಯ ದೋಷವನ್ನು ಬಯಲಿಗೆಳೆದು ಹಳಿಯದಿರುವುದು ಉಪಗೂಹನ. ಜಾರುತ್ತಿರುವವನನ್ನು ಹಿಡಿದು ಸನ್ಮಾರ್ಗದಲ್ಲಿ ನಿಲ್ಲಿಸುವುದು ಸ್ಥಿತೀಕರಣ. ಮೊದಲನೆಯದನ್ನು ಆಚರಿಸಿ ಎರಡನೆಯದನ್ನು ಬಿಟ್ಟರೆ ಅದು ಕೇವಲ ಮುಚ್ಚಿಡುವಿಕೆಯಾಗುತ್ತದೆ. ಗೆಳೆಯನ ವೈಯಕ್ತಿಕ ದೌರ್ಬಲ್ಯವನ್ನು ಪೇಟೆಯಲ್ಲಿ ಹರಡದೆ, ಅವನಿಗೇ ಏಕಾಂತದಲ್ಲಿ ಹೇಳಿ ತಿದ್ದಬೇಕು. ಆದರೆ ಸಾರ್ವಜನಿಕ ಹಣಕ್ಕೆ ಸಂಬಂಧಿಸಿದ ದೋಷವನ್ನು ಮುಚ್ಚಲು ಯಾವ ಸ್ನೇಹಕ್ಕೂ ಅಧಿಕಾರವಿಲ್ಲ. ಏಕೆಂದರೆ ಅಲ್ಲಿ ನಷ್ಟಕ್ಕೆ ಒಳಗಾಗುವವನು ಆ ಪಂಕ್ತಿಯಲ್ಲಿ ಕುಳಿತಿರುವುದಿಲ್ಲ.

ಈ ವಿವೇಕಕ್ಕೆ ಹತ್ತಿರವಾದ ಒಂದು ಕಟ್ಟಳೆ ರೋಟರಿಯಲ್ಲಿಯೂ ಇದೆ. 1932ರ ಆರ್ಥಿಕ ಮುಗ್ಗಟ್ಟಿನಲ್ಲಿ ದಿವಾಳಿಯ ಅಂಚಿನಲ್ಲಿದ್ದ ಅಲ್ಯೂಮಿನಿಯಂ ಪಾತ್ರೆಗಳ ಕಂಪನಿಯನ್ನು ವಹಿಸಿಕೊಂಡ ಹರ್ಬರ್ಟ್ ಟೇಲರ್ ತಮ್ಮ ಮಾತು, ಯೋಚನೆ, ಕಾರ್ಯಗಳನ್ನು ಅಳೆಯಲು ನಾಲ್ಕು ಪ್ರಶ್ನೆಗಳನ್ನು ರೂಪಿಸಿಕೊಂಡರು. ಸತ್ಯವೋ, ಸಂಬಂಧಿಸಿದ ಎಲ್ಲರಿಗೂ ನ್ಯಾಯವೋ, ಸೌಹಾರ್ದವನ್ನು ಬೆಳೆಸುವುದೋ, ಎಲ್ಲರಿಗೂ ಹಿತವೋ ಎಂಬುದು ಅವುಗಳ ಸಾರಾಂಶ. ಬೇರೆ ಬೇರೆ ಮತಗಳಿಗೆ ಸೇರಿದ ತಮ್ಮ ನಾಲ್ವರು ವಿಭಾಗ ಮುಖ್ಯಸ್ಥರ ಒಪ್ಪಿಗೆ ಪಡೆದ ನಂತರವೇ ಅವರು ಇದನ್ನು ಕಂಪನಿಯಲ್ಲಿ ಬಳಕೆಗೆ ತಂದರು. 1943ರಲ್ಲಿ ರೋಟರಿ ಇದನ್ನು ಅಂಗೀಕರಿಸಿತು. ಸೌಹಾರ್ದದ ಪ್ರಶ್ನೆ ಮೂರನೆಯದು. ಸತ್ಯವೂ ನ್ಯಾಯವೂ ಅದಕ್ಕಿಂತ ಮೊದಲು ಬರುತ್ತವೆ. ಸ್ನೇಹಕ್ಕಾಗಿ ಸತ್ಯವನ್ನು ಬಿಡಬಾರದೆಂಬುದು ಈ ಅನುಕ್ರಮದಿಂದಲೇ ವ್ಯಕ್ತವಾಗುತ್ತದೆ.

ಸಹಭೋಜನದ ವಿಷಯದಲ್ಲಿ ಶ್ರಾವಕ ಸದಸ್ಯರಿಗೆ ಒಂದು ವಿಶೇಷ ತೊಡಕುಂಟು. ಕೂಟಗಳು ಬಹುಧಾ ರಾತ್ರಿ ಸೇರುತ್ತವೆ; ರಾತ್ರಿಭೋಜನ ತ್ಯಾಗದ ನಿಯಮವುಳ್ಳವರು ಅಲ್ಲಿ ಉಣ್ಣಲಾರರು. ಜೊತೆಯಲ್ಲಿ ಉಣ್ಣದವನು ಹೊರಗಿನವನಾಗಿ ಉಳಿಯುವನೆಂಬ ಅಂಜಿಕೆಯಿಂದ ನಿಯಮವನ್ನು ಸಡಿಲಿಸುವವರೂ ಉಂಟು. ಈ ಅಂಜಿಕೆಗೆ ಆಧಾರವಿಲ್ಲ. ತನ್ನ ನಿಯಮವನ್ನು ಗದ್ದಲವಿಲ್ಲದೆ ಪಾಲಿಸುತ್ತ, ನಗುಮುಖದಿಂದ ಇತರರೊಡನೆ ಕುಳಿತಿರುವವನನ್ನು ಜನರು ಹೆಚ್ಚಾಗಿಯೇ ನಂಬುತ್ತಾರೆ. ತನಗೆ ತಾನು ಕೊಟ್ಟುಕೊಂಡ ಮಾತನ್ನು ಉಳಿಸಿಕೊಳ್ಳುವವನು ಇತರರಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳುವನೆಂದು ಅವರು ಸಹಜವಾಗಿ ಊಹಿಸುತ್ತಾರೆ. ಅದೇ ರೀತಿ, ಅಂತಹ ಕೆಲವರಿಗಾಗಿ ಕೂಟದ ವೇಳೆಯನ್ನು ಸೂರ್ಯಾಸ್ತಕ್ಕೆ ಮುಂಚೆ ಇಡುವ ಸಂಸ್ಥೆಯೂ ತನ್ನ ವಿಶ್ವಾಸವನ್ನು ಹೆಚ್ಚಿಸಿಕೊಳ್ಳುತ್ತದೆ. ನಂಬಿಕೆಗೆ ಒಂದೇ ತಟ್ಟೆ ಬೇಕಿಲ್ಲ. ಒಬ್ಬರ ತಟ್ಟೆಯ ಬಗೆಗೆ ಇನ್ನೊಬ್ಬರಿಗೆ ಗೌರವವಿದ್ದರೆ ಸಾಕು.

ಒಡನಾಟದ ಮಹತ್ವವನ್ನು ಈ ಪ್ರದೇಶದ ಬಂಡೆಯೊಂದು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಹೇಳುತ್ತಿದೆ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡರು. ಪ್ರಿಯದರ್ಶಿ ಎಂಬ ಬಿರುದಿನ ಅರಸನು ಅಶೋಕನೇ ಎಂಬುದು ದೃಢಪಟ್ಟಿದ್ದು ಆತನ ಹೆಸರನ್ನು ಹೊತ್ತ ಈ ಶಾಸನದಿಂದ. ವಿದ್ವಾಂಸರ ಗಮನ ಬಹುಮಟ್ಟಿಗೆ ಆ ಹೆಸರಿನ ಮೇಲೆಯೇ ನಿಂತಿದೆ. ಆದರೆ ಶಾಸನದ ಒಕ್ಕಣೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಧರ್ಮವನ್ನು ಸ್ವೀಕರಿಸಿದ ಕಾಲವನ್ನು ಹೇಳಿದ ಅರಸನು ತಾನು ಸಂಘದ ಸಮೀಪಕ್ಕೆ ಬಂದುದನ್ನೂ ಅಲ್ಲಿಂದ ತನ್ನಲ್ಲಿ ಉದ್ಯಮಶೀಲತೆ ಬಂದುದನ್ನೂ ನಿವೇದಿಸುತ್ತಾನೆ. ಧರ್ಮದಲ್ಲಿ ನಿರತನಾದ ಅಲ್ಪನೂ ಇದೇ ಫಲವನ್ನು ಪಡೆಯಬಲ್ಲನೆಂದೂ ಸೇರಿಸುತ್ತಾನೆ. ಚಕ್ರವರ್ತಿಗೂ ಸತ್ಸಂಗ ಬೇಕಾಯಿತು. ಆ ಸಂಗದ ಫಲವನ್ನು ಅವನು ದೊಡ್ಡವರಿಗೆ ಮಾತ್ರ ಮೀಸಲಿಡಲಿಲ್ಲ.

ನಮ್ಮ ಬಸದಿ, ಮಂದಿರಗಳ ಟ್ರಸ್ಟುಗಳು ಈ ವಿಚಾರದಿಂದ ಗ್ರಹಿಸಬೇಕಾದುದು ಏನು? ಎಷ್ಟೋ ಟ್ರಸ್ಟುಗಳಲ್ಲಿ ಸದಸ್ಯರೆಲ್ಲ ಸೇರುವುದು ವಿವಾದ ಎದ್ದಾಗ ಮಾತ್ರ. ಬಾಡಿಗೆಯ ತಕರಾರು, ಅಧ್ಯಕ್ಷಸ್ಥಾನದ ಪೈಪೋಟಿ, ಜೀರ್ಣೋದ್ಧಾರದ ಲೆಕ್ಕ ಎದುರಾದಾಗಲೇ ಮುಖ ನೋಡುವವರು ಒಬ್ಬರನ್ನೊಬ್ಬರು ಪ್ರತಿಕಕ್ಷಿಗಳಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ಬೇರೆ ಗುರುತೇ ಇಲ್ಲ. ಜಗಳದ ದಿನಕ್ಕೆ ಬೇಕಾಗುವ ವಿಶ್ವಾಸವನ್ನು ಜಗಳವಿಲ್ಲದ ದಿನಗಳಲ್ಲಿ ಕೂಡಿಡಬೇಕು.

ಆದುದರಿಂದ ವರ್ಷಕ್ಕೆ ನಾಲ್ಕು ಬಾರಿಯಾದರೂ, ಯಾವ ಠರಾವಿನ ಒತ್ತಡವೂ ಇಲ್ಲದೆ, ಕುಟುಂಬಸಹಿತ ಸೇರುವ ರೂಢಿಯನ್ನು ಬೆಳೆಸುವುದು ಹಿತಕರ. ಅದಕ್ಕೆ ಕೆಲವು ಮಿತಿಗಳಿರಲಿ. ಕೂಟದ ವೆಚ್ಚವನ್ನು ಬಂದವರೇ ಹಂಚಿಕೊಳ್ಳಲಿ; ದೇವದ್ರವ್ಯವನ್ನಾಗಲಿ ದಾನದ ನಿಧಿಯನ್ನಾಗಲಿ ಮುಟ್ಟದಿರಲಿ. ಆಹಾರ ಸರಳವಾಗಿರಲಿ, ಹಗಲಿನಲ್ಲಿ ನಡೆಯಲಿ. ಬಾರದಿದ್ದವರ ಬಗೆಗೆ ಹಿಂದಿನಿಂದ ಮಾತು ಬೇಡ; ಇಂದು ಇನ್ನೊಬ್ಬನ ವಿಷಯವಾಡಿದವರು ನಾಳೆ ತನ್ನ ವಿಷಯವನ್ನೂ ಆಡುವರೆಂದು ಕೇಳಿದವನಿಗೆ ತಿಳಿಯದಿರದು. ಮೂರು ತಿಂಗಳ ಜಮಾಖರ್ಚನ್ನು ಎಲ್ಲರ ಮುಂದೆ ಓದುವ ಪರಿಪಾಠವಿರಲಿ. ಸ್ನೇಹವು ಲೆಕ್ಕಕ್ಕೆ ಬದಲಿಯಲ್ಲ. ಊರಿಗೆ ಹೊಸದಾಗಿ ಬಂದ ಒಂದು ಕುಟುಂಬವನ್ನು ಪ್ರತಿ ಕೂಟಕ್ಕೂ ಹುಡುಕಿ ಕರೆಯಲಿ. ಮೊದಲು ಎತ್ತಿದ ಪ್ರಶ್ನೆಗೆ ಉತ್ತರವೂ ಇಷ್ಟೇ: ಈ ಮಿತಿಗಳೊಳಗೆ ನಡೆಯುವ ಕೂಟದ ಖರ್ಚು ಸೇವೆಯಿಂದ ಕಳೆದ ಹಣವಲ್ಲ, ಸೇವೆಗೆ ಹೂಡಿದ ಬಂಡವಾಳ. ಮಿತಿ ತಪ್ಪಿದ ದಿನ ಅದೇ ಖರ್ಚು ಭೋಗವಾಗುತ್ತದೆ. ಅದು ಯಾವುದಾಗಿದೆ ಎಂಬುದನ್ನು ಪ್ರತಿಯೊಂದು ಟ್ರಸ್ಟೂ ಪ್ರತಿಯೊಂದು ಸಂಸ್ಥೆಯೂ ತಾನೇ ಪರಿಶೀಲಿಸಿಕೊಳ್ಳುವುದು ಶ್ರೇಯಸ್ಕರ.